ಹತ್ತೂ ಹತ್ತರ ಚೀಟಿ

ಮ್ಯಾನೇಜರ್ ನನ್ನ ಮೇಜಿನ ಮೇಲೆ ಒಂದು ದೊಡ್ಡ ಹಾಳೆ ಹಾಸಿ, ಸ್ಕೇಲು ಹಿಡಿದು ತಾವೇ ಗೆರೆ ಎಳೆದು ನಾಲ್ಕು ಕಾಲಂ ಮಾಡಿಕೊಟ್ಟರು. ಸುದ್ದಿ ಮುಟ್ಟಿಸುವ ವಿಧಾನ, ಎಷ್ಟು ಬೇಗ ಮುಟ್ಟುತ್ತದೆ, ಎಲ್ಲಿ ತಪ್ಪುತ್ತದೆ, ಉದಾಹರಣೆ.

“ಹದಿನೇಳು ವರ್ಷದಿಂದ ಈ ಮಿಲ್ಲಿನ ಸುದ್ದಿಯೆಲ್ಲ ನಿಮ್ಮ ಕೈಮೇಲೇ ಹೋಗಿರೋದು. ಇದನ್ನ ನಿಮಗಿಂತ ಚೆನ್ನಾಗಿ ಬರೆಯೋರು ಯಾರಿದ್ದಾರೆ ಫೋನಮ್ಮ?” ಎಂದರು.

ಬೇರೆ ದಿನವಾಗಿದ್ದರೆ ಆ ಹೊಗಳಿಕೆಗೆ ನಾನು ಉಬ್ಬಿಹೋಗುತ್ತಿದ್ದೆ. ಆವತ್ತು ಉಬ್ಬಲಿಲ್ಲ. ಯಾಕೆಂದರೆ ಬಾಗಿಲವರೆಗೆ ಹೋದವರು ತಿರುಗಿ, “ಚೀಟಿ ಅಂತ ಇದೆಯಲ್ಲ, ಅದರ ಮುಂದೆ ಜೋರಕ್ಕನ ತಾಯಿ ವಿಷಯ ಹಾಕಿಬಿಡಿ. ಒಂದೂವರೆ ಗಂಟೆ ತಡ. ಅದೊಂದೇ ಸಾಕು, ಮೇಲಿನವರು ಒಪ್ತಾರೆ” ಎಂದು ಹೇಳಿ ಹೋದರು.

ಮೇಲಿನವರು ಒಪ್ಪಬೇಕಾದ್ದು ಏನೆಂದರೆ, ಕೆಲಸಗಾರರೆಲ್ಲರ ಮಣಿಕಟ್ಟಿಗೂ ಒಂದೊಂದು ಪಟ್ಟಿ. ಸುದ್ದಿ ಬಂದರೆ ಅದು ನಡುಗುತ್ತದಂತೆ, ಅದರ ಮುಖದ ಮೇಲೆ ಅಕ್ಷರ ಮೂಡುತ್ತದಂತೆ. ಅದು ಬಂದ ಮೇಲೆ ಚೀಟಿ ಬೇಡ. ಚೀಟಿ ಬೇಡವಾದ ಮೇಲೆ, ನಾನು ಬರೆದದ್ದನ್ನು ಒಯ್ದು ಮುಟ್ಟಿಸುವ ಚೀಟಿಯಪ್ಪನೂ ಬೇಡ. “ಪಾಪ, ವಯಸ್ಸಾಯ್ತು, ಮರೆವು ಬೇರೆ. ವಿಶ್ರಾಂತಿ ತಗೊಳ್ಳಲಿ” ಎನ್ನುವುದು ಮ್ಯಾನೇಜರ್ ಮಾತು.

ಚೀಟಿಯಪ್ಪನಿಗೆ ಮರೆವು ಇಲ್ಲ. ಅದು ನನಗೆ ಗೊತ್ತು. ಇಡೀ ಮಿಲ್ಲಿನಲ್ಲಿ ನನಗೊಬ್ಬಳಿಗೇ ಗೊತ್ತು. ಆ ಮನುಷ್ಯನಿಗೂ ಗೊತ್ತಿಲ್ಲ.

ನಮ್ಮದು ನೂಲಿನ ಮಿಲ್ಲು. ಕೆಳಗೆ ಉದ್ದನೆಯ ಶೆಡ್ಡು, ಅದರಲ್ಲಿ ಇಪ್ಪತ್ತನಾಲ್ಕು ಯಂತ್ರ, ಒಂದೊಂದರಲ್ಲೂ ನೂರಾರು ಕದಿರು. ಬೆಳಗಿನಿಂದ ಸಂಜೆಯವರೆಗೆ ಅವು ತಿರುಗುವ ಸದ್ದಿಗೆ ಪಕ್ಕದಲ್ಲಿ ನಿಂತು ಅರಚಿದರೂ ಒಂದಕ್ಷರ ಕೇಳಿಸುವುದಿಲ್ಲ. ಶೆಡ್ಡಿನ ಒಂದು ತುದಿಯಲ್ಲಿ ಇಪ್ಪತ್ತೆರಡು ಕಬ್ಬಿಣದ ಮೆಟ್ಟಿಲು, ಮೆಟ್ಟಿಲ ಮೇಲೆ ಗಾಜಿನ ಕೋಣೆ, ಕೋಣೆಯೊಳಗೆ ಟೆಲಿಫೋನು ಮತ್ತು ನಾನು. ಮೊಬೈಲನ್ನು ಶೆಡ್ಡಿನೊಳಗೆ ಬಿಡುವುದಿಲ್ಲ, ಹೊರಗೆ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಬೇಕು. ಹಾಗಾಗಿ ಹೊರಗಿನ ಪ್ರಪಂಚದಿಂದ ಯಾರಿಗೆ ಏನು ಬರಬೇಕಾದರೂ ಮೊದಲು ನನ್ನ ಕಿವಿಗೆ ಬರಬೇಕು.

ವಿಧಾನ ಅಂದರೆ ನಮ್ಮಲ್ಲಿ ಐದು. ಗಂಟೆ ಇದೆ, ಪಾಳಿ ಬದಲಾಗಲು ಮತ್ತು ಬೆಂಕಿಗೆ. ಗೋಡೆಯ ಮೇಲೆ ಮೂರು ಬಣ್ಣದ ದೀಪ ಇದೆ. ಹಳದಿ ಹೊತ್ತಿದರೆ ಮೆಕ್ಯಾನಿಕ್ ಓಡಿಬರಬೇಕು, ಅವನು ಓಡಿ ಬಂದದ್ದನ್ನು ಇದುವರೆಗೆ ಯಾರೂ ಕಂಡಿಲ್ಲ. ಆಮೇಲೆ ಚೀಟಿ. ಆಮೇಲೆ ಕೈಸನ್ನೆ.

ಕೈಸನ್ನೆ ನಮ್ಮವರು ತಾವೇ ಕಟ್ಟಿಕೊಂಡ ಭಾಷೆ, ಯಾವ ಶಾಲೆಯಲ್ಲೂ ಕಲಿಸುವುದಿಲ್ಲ. ಎರಡು ಬೆರಳನ್ನು ಕಣ್ಣಿನ ಸುತ್ತ ತಿರುಗಿಸಿದರೆ ಮ್ಯಾನೇಜರ್, ಅವರ ಕನ್ನಡಕಕ್ಕೆ. ಮೂಗು ತಿರುಚಿದರೆ ಅತ್ತೆ, ಯಾರ ಅತ್ತೆಯಾದರೂ ಅದೇ ಸನ್ನೆ. ಅಂಗೈಯನ್ನು ಕೆನ್ನೆಗೆ ಒತ್ತಿಕೊಂಡರೆ ಅಮ್ಮ. ಆ ಸದ್ದಿನಲ್ಲಿ ಜನ ಜಗಳ ಆಡುತ್ತಾರೆ, ಹೆಣ್ಣು ನೋಡಿದ ಕಥೆ ಹೇಳುತ್ತಾರೆ, ಮೂರು ಯಂತ್ರದಾಚೆ ನಿಂತವಳನ್ನು ಛೇಡಿಸಿ ನಗಿಸುತ್ತಾರೆ. ನಾನು ಮೇಲೆ ಗಾಜಿನ ಹಿಂದೆ ಕುಳಿತು ಎಲ್ಲವನ್ನೂ ಓದುತ್ತಿರುತ್ತೇನೆ. ಪುಕ್ಕಟೆ ಸಿನಿಮಾ.

ಐದನೆಯದು ಕಾಲು. ಅಂದರೆ, ನಡೆದುಹೋಗಿ ಹೇಳುವುದು. ಇದಕ್ಕೊಂದು ಕಟ್ಟುನಿಟ್ಟಿದೆ. ಶೆಡ್ಡಿನಲ್ಲಿ ಯಾರೂ ಯಾರ ಭುಜವನ್ನೂ ಹಿಂದಿನಿಂದ ಮುಟ್ಟುವಂತಿಲ್ಲ. ತಮಾಷೆಗೂ ಇಲ್ಲ. ಮನೆಯಲ್ಲಿ ಯಾರಿಗಾದರೂ ಜೀವಕ್ಕೆ ಬಂದಿದೆ ಎಂದು ಫೋನ್ ಬಂದರೆ ಮಾತ್ರ ನಾನು ಮೆಟ್ಟಿಲಿಳಿದು, ಯಂತ್ರಗಳ ನಡುವೆ ನಡೆದು, ಅವರ ಭುಜ ಮುಟ್ಟಬೇಕು. ನಾನು ಮೆಟ್ಟಿಲಿಳಿಯಲು ಶುರು ಮಾಡಿದರೆ ಸಾಕು, ಇಡೀ ಶೆಡ್ಡು ಬಿಗಿಯಾಗುತ್ತದೆ. ಪ್ರತಿಯೊಬ್ಬರೂ ಬೆನ್ನು ತೋರಿಸಿ ನಿಂತು, ನನ್ನ ಭುಜ ಆಗದಿರಲಿ ಎಂದುಕೊಳ್ಳುತ್ತಾರೆ. ಹದಿನೇಳು ವರ್ಷದಲ್ಲಿ ನಾನು ಮೂವತ್ತೊಂದು ಭುಜ ಮುಟ್ಟಿದ್ದೇನೆ. ಮೂವತ್ತೆರಡನೆಯದನ್ನು ಮುಟ್ಟಬೇಕಿತ್ತು, ಮುಟ್ಟಲಿಲ್ಲ.

ಜೋರಕ್ಕ ಹತ್ತನೇ ಯಂತ್ರದವಳು. ಮಾತೇ ಕೇಳಿಸದ ಜಾಗದಲ್ಲಿ ಇಪ್ಪತ್ತು ವರ್ಷ ಕೆಲಸ ಮಾಡಿಯೂ ಅವಳ ಗಂಟಲು ಇಳಿದಿಲ್ಲ, ಅದಕ್ಕೇ ಆ ಹೆಸರು. ನಾವಿಬ್ಬರೂ ಒಂದೇ ವಯಸ್ಸಿನವರು, ಒಂದು ಕಾಲಕ್ಕೆ ಗಳಸ್ಯ ಕಂಠಸ್ಯ. ಕೆಡಿಸಿದ್ದು ಈ ಫೋನೇ. ನನ್ನ ಅಮ್ಮ ನನ್ನ ಜೊತೆಯಲ್ಲಿದ್ದಾಳೆ. ದಿನಕ್ಕೆ ಮೂರು ಸಲವಾದರೂ ನನಗೆ ಫೋನ್ ಮಾಡುತ್ತಾಳೆ. ಬೆಕ್ಕು ಒಳಗೆ ಬಂತು, ಕನ್ನಡಕ ಕಾಣಿಸ್ತಿಲ್ಲ, ಬೇಳೆ ಎಷ್ಟು ಹಾಕಲಿ. ಜೋರಕ್ಕ ಒಂದು ದಿನ ಮ್ಯಾನೇಜರ್ ಹತ್ತಿರ ಹೋಗಿ, “ನಮ್ಮ ಮನೆಯಿಂದ ಮಾಡಿದಾಗೆಲ್ಲ ಲೈನ್ ಎಂಗೇಜು. ಫೋನಮ್ಮ ಅವರಮ್ಮನ ಹತ್ರ ಅಡುಗೆ ಮಾತಾಡ್ತಿರ್ತಾಳೆ” ಎಂದು ಹೇಳಿಬಿಟ್ಟಳು. ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಮ್ಯಾನೇಜರ್ ಕರೆದು ನಾಲ್ಕು ಜನರ ಎದುರು ಬುದ್ಧಿ ಹೇಳಿದರು. ನನಗೆ ಮೈಯೆಲ್ಲ ಉರಿದುಹೋಯಿತು. ಅಂದಿನಿಂದ ಮೂರು ವಾರ ಅವಳನ್ನು ಕಂಡರೆ ಮುಖ ತಿರುಗಿಸುತ್ತಿದ್ದೆ.

ಆ ಮೂರು ವಾರ ಕಳೆಯುವ ಹೊತ್ತಿಗೆ ಒಂದು ದಿನ ಬೆಳಗ್ಗೆ ಹತ್ತೂ ಹತ್ತಕ್ಕೆ ಜೋರಕ್ಕನ ಅತ್ತಿಗೆ ಫೋನ್ ಮಾಡಿದಳು. “ಅಮ್ಮನಿಗೆ ಉಸಿರು ಸರಿಯಾಗಿ ಬರ್ತಿಲ್ಲ. ಅವಳನ್ನೇ ಕೇಳ್ತಿದ್ದಾರೆ. ಬೇಗ ಕಳಿಸಿ.” ಆ ವರ್ಷದಲ್ಲೇ ಎರಡು ಸಲ ಇದೇ ಮಾತು ಬಂದಿತ್ತು. ಎರಡು ಸಲವೂ ನಾನು ಇಳಿದುಹೋಗಿ ಭುಜ ಮುಟ್ಟಿದ್ದೆ, ಅವಳು ಎದ್ದುಬಿದ್ದು ಓಡಿದ್ದಳು, ಮರುದಿನ ತಾಯಿ ಗಂಜಿ ಕುಡಿದು ಕುಳಿತಿದ್ದಾಳೆ ಎಂದು ನಗುತ್ತಾ ಬಂದಿದ್ದಳು. ಮೂರನೆಯ ಸಲವೂ ಅಷ್ಟೇ ಎಂದುಕೊಂಡೆ. ಇದು ನಾನು ಆಮೇಲೆ ಹುಡುಕಿಕೊಂಡ ನೆಪವಲ್ಲ, ನಿಜವಾಗಿಯೂ ಹಾಗೆ ಅನ್ನಿಸಿತ್ತು. ಆದರೆ ಅದರ ಜೊತೆಗೆ ಇನ್ನೊಂದೂ ಅನ್ನಿಸಿತ್ತು. ಲೈನ್ ಎಂಗೇಜು ಅಂದಳಲ್ಲ, ಸ್ವಲ್ಪ ಕಾಯಲಿ.

ಚೀಟಿ ಬರೆದೆ. ಮೇಲೆ ಹೊತ್ತು ಹಾಕಿದೆ, ಹತ್ತೂ ಹತ್ತು. ಅದು ನಮ್ಮ ಪದ್ಧತಿ, ಕೈ ತಾನಾಗಿ ಬರೆಯುತ್ತದೆ. ಬರೆದದ್ದನ್ನು ಚೀಟಿಯಪ್ಪನ ತಟ್ಟೆಗೆ ಹಾಕದೆ ಫೋನಿನ ಅಡಿಗೆ ಸಿಕ್ಕಿಸಿದೆ. ಹತ್ತು ನಿಮಿಷ, ಅಷ್ಟೇ ಎಂದುಕೊಂಡೆ.

ಅಷ್ಟರಲ್ಲಿ ನನ್ನ ಅಮ್ಮನ ಫೋನ್ ಬಂತು. ಕನ್ನಡಕ ಕಾಣಿಸುತ್ತಿರಲಿಲ್ಲ. ಕಪಾಟಿನ ಮೇಲೆ ನೋಡು, ಹಾಸಿಗೆ ಕೊಡವು, ಬಚ್ಚಲ ಗೂಡು ನೋಡು ಎಂದು ಇಪ್ಪತ್ತು ನಿಮಿಷ ಅವಳ ಜೊತೆ ಮನೆಯೆಲ್ಲ ಸುತ್ತಿದೆ. ಕೊನೆಗೆ ಅದು ಅವಳ ತಲೆಯ ಮೇಲೇ ಸಿಕ್ಕಿತು. ಇಬ್ಬರೂ ನಕ್ಕೆವು. ಆಮೇಲೆ ಹತ್ತಿ ಲಾರಿಯವನು ದಾರಿ ತಪ್ಪಿದೆ ಎಂದ, ಆಮೇಲೆ ಇನ್ಯಾರೋ. ಹನ್ನೆರಡಕ್ಕೆ ಇಪ್ಪತ್ತು ನಿಮಿಷ ಇರುವಾಗ ಮೇಜು ಒರೆಸಲು ಫೋನ್ ಎತ್ತಿದೆ. ಚೀಟಿ ಅಲ್ಲೇ ಇತ್ತು.

ಆಗಲಾದರೂ ನಾನೇ ಇಳಿಯಬೇಕಿತ್ತು. ಇಳಿದರೆ ಯಾಕೆ ತಡ ಎಂದು ಅವಳ ಕಣ್ಣು ಕೇಳುತ್ತದೆ. ಚೀಟಿಯಪ್ಪನನ್ನು ಕೂಗಿ ಚೀಟಿ ಕೊಟ್ಟೆ. ಅವರು ಓದುವುದಿಲ್ಲ, ಯಾರ ಹೆಸರಿಗೆ ಎಂದು ನೋಡುತ್ತಾರೆ ಅಷ್ಟೆ. ನೋಯುವ ಮಂಡಿ ಹಿಡಿದುಕೊಂಡು ಇಳಿದುಹೋದರು, ಎರಡು ನಿಮಿಷದಲ್ಲಿ ಮುಟ್ಟಿಸಿದರು. ಗಾಜಿನ ಹಿಂದಿನಿಂದ ನೋಡಿದೆ, ಜೋರಕ್ಕ ತಲೆಯ ಬಟ್ಟೆ ಕಿತ್ತೆಸೆದು, ಚೀಟಿ ಕೈಯಲ್ಲಿ ಹಿಡಿದುಕೊಂಡೇ ಓಡಿದಳು.

ಅವಳ ಅಣ್ಣನ ಮನೆ ಬಸ್ಸಿನಲ್ಲಿ ಮುಕ್ಕಾಲು ಗಂಟೆ. ತಾಯಿ ಹನ್ನೆರಡಕ್ಕೆ ಐದು ನಿಮಿಷ ಇರುವಾಗ ಹೋದರು. ಹೋಗುವವರೆಗೂ ಬಾಗಿಲ ಕಡೆ ನೋಡುತ್ತಾ, “ಬಂದಳಾ?” ಎಂದು ಕೇಳುತ್ತಿದ್ದರಂತೆ.

ಎಂಟು ದಿನ ಬಿಟ್ಟು ಜೋರಕ್ಕ ಕೆಲಸಕ್ಕೆ ಬಂದಳು. ಶೆಡ್ಡಿಗೆ ಹೋಗುವ ಮೊದಲು ನೇರ ನನ್ನ ಕೋಣೆಗೆ ಬಂದು ಚೀಟಿಯನ್ನು ಮೇಜಿನ ಮೇಲಿಟ್ಟಳು. ಮ್ಯಾನೇಜರ್ ಅಲ್ಲೇ ನಿಂತಿದ್ದರು, ಚೀಟಿಯಪ್ಪನೂ ಇದ್ದರು.

“ಇದರ ಮೇಲೆ ಹತ್ತೂ ಹತ್ತು ಅಂತಿದೆ. ನನ್ನ ಕೈಗೆ ಬಂದಿದ್ದು ಹನ್ನೆರಡು ಹೊಡೆಯೋಕೆ ಮುಂಚೆ. ಮಧ್ಯ ಇದು ಎಲ್ಲಿತ್ತು?” ಎಂದಳು. ಅವಳ ದನಿ ಅಷ್ಟು ತಗ್ಗಿದ್ದನ್ನು ನಾನು ಎಂದೂ ಕೇಳಿರಲಿಲ್ಲ.

ಚೀಟಿಯಪ್ಪ ನನ್ನ ಕಡೆ ತಿರುಗಿದರು. ಆ ಮುಖದಲ್ಲಿ ಸಂಶಯ ಒಂದಿಷ್ಟೂ ಇರಲಿಲ್ಲ, ಲೆಕ್ಕ ತಪ್ಪಿದವನು ಗೊತ್ತಿರುವವರನ್ನು ಕೇಳುವ ಹಾಗೆ ಕೇಳಿದರು. “ಫೋನಮ್ಮ, ಇದನ್ನ ನೀನು ನಂಗೆ ಯಾವಾಗ ಕೊಟ್ಟೆ?”

“ಬರೆದ ತಕ್ಷಣ” ಎಂದೆ.

ಎರಡೇ ಪದ. ನಾಲಿಗೆ ತಡವರಿಸಲೂ ಇಲ್ಲ.

ಅವರ ಅಂಗಿಗೆ ಎರಡು ಜೇಬು. ಮುಟ್ಟಿಸಬೇಕಾದ ಚೀಟಿ ಬಲಗಡೆ, ಮುಟ್ಟಿಸಿ ಸಹಿ ಹಾಕಿಸಿಕೊಂಡದ್ದು ಎಡಗಡೆ. ಇಪ್ಪತ್ತಾರು ವರ್ಷದಲ್ಲಿ ಒಂದು ಸಲವೂ ತಪ್ಪಿರಲಿಲ್ಲ. ಅವರು ಎರಡು ಜೇಬನ್ನೂ ನಿಧಾನವಾಗಿ ಮುಟ್ಟಿ ನೋಡಿಕೊಂಡರು. ಆಮೇಲೆ, “ಹಾಗಾದ್ರೆ ಎಡಗಡೆ ಹಾಕಿಬಿಟ್ಟಿರ್ತೀನಿ. ಅದೇ ಇರ್ಬೇಕು” ಎಂದರು. ಜೋರಕ್ಕನ ಎದುರು ಕೈ ಮುಗಿದು, “ತಪ್ಪಾಯ್ತು ತಾಯಿ” ಎಂದರು. ಅವಳು ಮೆಟ್ಟಿಲಿಳಿದುಹೋದಳು.

ನಾನು ಸುಮ್ಮನಿದ್ದೆ. ಒಂದು ದಿನ ಸುಮ್ಮನಿದ್ದರೆ ಎರಡನೆಯ ದಿನ ಬಾಯಿ ತೆರೆಯುವುದು ಇನ್ನೂ ಕಷ್ಟ, ಹತ್ತನೆಯ ದಿನ ಆಗುವುದೇ ಇಲ್ಲ.

ಮರುವಾರ ಚೀಟಿಯಪ್ಪನ ಎಡ ಜೇಬಿನ ಬಾಯಿ ಹೊಲಿದಿತ್ತು. ಕರಿ ದಾರದಲ್ಲಿ, ದೊಡ್ಡ ದೊಡ್ಡ ಹೊಲಿಗೆ. “ಸೊಸೆ ಹತ್ರ ಹೇಳಿ ಹೊಲಿಸ್ಕೊಂಡೆ. ಇನ್ನು ತಪ್ಪೋ ಪ್ರಶ್ನೆನೇ ಇಲ್ಲ” ಎಂದು ತೋರಿಸಿದರು. ಸಹಿಯಾದ ಚೀಟಿಗಳನ್ನು ಕೈಯಲ್ಲೇ ಹಿಡಿದು ತಿರುಗತೊಡಗಿದರು. ಆಮೇಲೆ ಅಂಗೈ ಮೇಲೆ ಪೆನ್ನಿನಲ್ಲಿ ಬರೆದುಕೊಳ್ಳುವುದು ಶುರುವಾಯಿತು. ಊಟ ಆಯ್ತು. ಬೀಗ ಹಾಕಿದೆ. ನಾಲ್ಕನೇ ಯಂತ್ರಕ್ಕೆ ಕೊಟ್ಟೆ. ಸೊಸೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಡಾಕ್ಟರು ಐದು ವಸ್ತುಗಳ ಹೆಸರು ಹೇಳಿ, ಹತ್ತು ನಿಮಿಷ ಬಿಟ್ಟು ಕೇಳಿದರಂತೆ. ಐದನ್ನೂ ಹೇಳಿದೆ ಎಂದು ಚೀಟಿಯಪ್ಪ ನಕ್ಕರು. “ಆದ್ರೆ ಡಾಕ್ಟರಿಗೇನು ಗೊತ್ತು? ಚೀಟಿ ವಿಷಯದಲ್ಲಿ ಆಗಿದ್ದು ನಂಗಲ್ವಾ ಗೊತ್ತಿರೋದು” ಎಂದರು.

ಚೀಟಿಯಪ್ಪನ ಮೊಮ್ಮಗಳ ವಿಷಯ ತಿಳಿದದ್ದು ಮ್ಯಾನೇಜರ್ ಹಾಳೆ ಕೊಟ್ಟ ದಿನವೇ. ಪ್ರತಿದಿನ ಎರಡೂ ಮುಕ್ಕಾಲಿಗೆ ಅವರು ಅರ್ಧ ಗಂಟೆ ಅನುಮತಿ ಕೇಳಿ, ಪಕ್ಕದ ಬೀದಿಯ ಶಾಲೆಯಿಂದ ಮೊಮ್ಮಗಳನ್ನು ಮನೆಗೆ ಬಿಟ್ಟು ಬರುತ್ತಿದ್ದರು. ಒಂದನೇ ತರಗತಿಯ ಹುಡುಗಿ. ಆ ದಿನ ಎರಡೂ ಮುಕ್ಕಾಲಾದರೂ ಬೆಂಚಿನ ಮೇಲೇ ಕುಳಿತಿದ್ದರು.

“ಹೋಗಲ್ವಾ ಚೀಟಿಯಪ್ಪ?” ಎಂದೆ.

“ಬಿಟ್ಟು ಎರಡು ತಿಂಗಳಾಯ್ತಲ್ಲಮ್ಮ. ನೀನು ನೋಡಿಲ್ವಾ? ಪಕ್ಕದ ಮನೆಯವಳು ಕರ್ಕೊಂಡು ಬರ್ತಾಳೆ.” ಸ್ವಲ್ಪ ಹೊತ್ತು ಅಂಗೈ ನೋಡಿಕೊಂಡರು. “ಒಂದು ಚೀಟಿ ಮರೆತಿದ್ದಕ್ಕೆ ಒಬ್ಬಳಿಗೆ ತಾಯಿ ಮುಖ ಸಿಗಲಿಲ್ಲ. ಮಗೂನೇ ಎಲ್ಲಾದ್ರೂ ಮರೆತುಬಂದ್ರೆ?”

ನಾನು ನೋಡಿರಲಿಲ್ಲ. ಶೆಡ್ಡಿನ ಅಷ್ಟೂ ಜನರ ಕೈ ಓದುವವಳು ಎರಡು ತಿಂಗಳಿಂದ ಈ ಒಬ್ಬರ ಕಡೆ ಕಣ್ಣೆತ್ತಿ ನೋಡುವುದನ್ನೇ ಬಿಟ್ಟಿದ್ದೆ.

ಅಲ್ಲೇ ಹೇಳಿಬಿಟ್ಟೆ. “ಚೀಟಿಯಪ್ಪ, ನೀವೇನೂ ಮರೆತಿಲ್ಲ. ನಾನೇ ಕೊಟ್ಟಿರಲಿಲ್ಲ. ಫೋನಿನ ಕೆಳಗೆ ಇಟ್ಕೊಂಡಿದ್ದೆ. ನಿಮಗೆ ಕೊಟ್ಟಿದ್ದೇ ಹನ್ನೆರಡಕ್ಕೆ ಇಪ್ಪತ್ತು ನಿಮಿಷ ಇದ್ದಾಗ.”

ಅವರು ನನ್ನನ್ನೇ ನೋಡಿದರು. ಆಮೇಲೆ ಮುಖದ ತುಂಬ ನಗು ಬಂತು. ಅಂಥ ಪ್ರೀತಿಯ ನಗುವನ್ನು ನಾನು ತಡೆದುಕೊಳ್ಳಲಾರದೆ ಹೋದೆ.

“ಮ್ಯಾನೇಜರ್ ಹಾಳೆ ಕೊಟ್ಟಿದ್ದು ಗೊತ್ತಾಯ್ತು ಬಿಡು” ಎಂದರು. “ನನ್ನ ಕೆಲಸ ಉಳಿಸೋಕೆ ತಪ್ಪನ್ನ ನಿನ್ನ ತಲೆ ಮೇಲೆ ಹಾಕ್ಕೊಳ್ತೀಯಾ? ಬೇಡಮ್ಮ. ನಿನ್ನ ಮನಸ್ಸು ಒಳ್ಳೇದು. ನನಗೇ ಆಗಿದ್ದು, ನಾನೇ ಒಪ್ಕೊಂಡಾಗಿದೆ.”

“ಸುಳ್ಳಲ್ಲ, ನಿಜ ಹೇಳ್ತಿದ್ದೀನಿ.”

“ಆಯ್ತು, ನಿಜ” ಎಂದು ಮಗುವನ್ನು ಸಮಾಧಾನ ಮಾಡುವ ಹಾಗೆ ತಲೆಯಾಡಿಸಿ, ಅಂಗೈ ಮೇಲೆ ಏನನ್ನೋ ಬರೆದುಕೊಂಡು ಎದ್ದುಹೋದರು.

ಬಾಯಿಮಾತು ನಡೆಯಲಿಲ್ಲ. ಮನೆಗೆ ಹಾಳೆ ತೆಗೆದುಕೊಂಡು ಹೋದೆ. ಅಮ್ಮ ಎದುರಿಗೆ ಕುಳಿತು ತರಕಾರಿ ಹೆಚ್ಚುತ್ತಿದ್ದಳು, ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದಳು. ಆವತ್ತಿನ ಹುಡುಕಾಟ ಆದ ಮೇಲೆ ನಾನೇ ಕಟ್ಟಿಕೊಟ್ಟಿದ್ದ ದಾರ. ಗಂಟೆ, ದೀಪ, ಕೈಸನ್ನೆ ಎಲ್ಲ ಸರಾಗವಾಗಿ ಬರೆದೆ. ಚೀಟಿಗೆ ಬಂದಾಗ ಪೆನ್ನು ನಿಂತಿತು. ಎಲ್ಲಿ ತಪ್ಪುತ್ತದೆ ಎನ್ನುವ ಕಾಲಂನಲ್ಲಿ, ‘ಬರೆದವಳು ಕೊಡದಿದ್ದರೆ’ ಎಂದು ಬರೆದೆ. ಉದಾಹರಣೆಯಲ್ಲಿ ನಡೆದದ್ದನ್ನೆಲ್ಲ ಬರೆದೆ. ಜಗಳ, ಫೋನಿನ ಅಡಿ, ಕನ್ನಡಕ. ಜಾಗ ಸಾಲದೆ ಹಾಳೆಯ ಹಿಂದಕ್ಕೂ ಹೋಯಿತು. ಬರೆಯುತ್ತಾ ಬರೆಯುತ್ತಾ ನೋಡಿದರೆ ನಾನು ಹೇಳಿಕೊಂಡ ಕಾರಣಗಳೇ ಮುಕ್ಕಾಲು ಪಾಲು ಇದ್ದವು. ಎರಡು ಸಲ ಸುಳ್ಳೇ ಕರೆ ಬಂದಿತ್ತು, ಲಾರಿಯವನು ದಾರಿ ತಪ್ಪಿದ್ದ, ತುಂಬ ಕೆಲಸವಿತ್ತು. ಓದಿದವರು ಅಯ್ಯೋ ಪಾಪ ಫೋನಮ್ಮ ಎನ್ನಬೇಕು, ಹಾಗಿತ್ತು.

ಮ್ಯಾನೇಜರ್ ಮರುದಿನ ಬೆಳಗ್ಗೆ ಅದನ್ನು ಓದಿದರು. ಎರಡು ಸಲ ಓದಿ, ಹಾಳೆಯನ್ನು ನನ್ನ ಕಡೆಗೇ ಜರುಗಿಸಿದರು.

“ಇದು ಹೀಗೇ ಹೋದ್ರೆ ನಾನು ನಿಮ್ಮ ಮೇಲೆ ಕ್ರಮ ತಗೋಬೇಕಾಗುತ್ತೆ. ಜೋರಕ್ಕ ಸುಮ್ಮನಾಗಿದ್ದಾಳೆ, ಚೀಟಿಯಪ್ಪ ಒಪ್ಕೊಂಡಿದ್ದಾರೆ. ಮುಗಿದಿದ್ದನ್ನ ಯಾಕೆ ಕೆದಕ್ತೀರಿ? ಒಂದೂವರೆ ಗಂಟೆ ತಡ ಆಯ್ತು. ಅಷ್ಟು ಮಾತ್ರ ಬರೀರಿ. ಅದು ಸುಳ್ಳೇನಲ್ವಲ್ಲ.”

ಸುಳ್ಳಲ್ಲ, ಖರೆ. ಹಾಳೆ ತಿರುಗಿ ಕೊಟ್ಟಾಗ ನನಗೆ ಒಂದು ಗಳಿಗೆ ಹಾಯೆನಿಸಿದ್ದೂ ಖರೆ. ನಾನು ಹೇಳಿದೆ, ಅವರು ಕೇಳಲಿಲ್ಲ, ಇನ್ನೇನು ಮಾಡಲಿ ಎಂದು ಮನಸ್ಸು ಆಗಲೇ ಕಾಲು ಚಾಚಿ ಕುಳಿತುಬಿಟ್ಟಿತು. ಆ ಹಾಯೆನಿಸಿದ್ದಕ್ಕೆ ನನಗೆ ನನ್ನ ಮೇಲೇ ಹೇಸಿಗೆಯಾಯಿತು.

ಕೋಣೆಗೆ ಬಂದೆ. ಗಾಜಿನಾಚೆ ಚೀಟಿಯಪ್ಪ ಶೆಡ್ಡಿನ ಬಾಗಿಲಲ್ಲಿ ನಿಂತು, ಕೈಯಲ್ಲಿದ್ದ ಚೀಟಿಗಳನ್ನು ಮೂರನೆಯ ಸಲ ಎಣಿಸುತ್ತಿದ್ದರು. ಎಣಿಸಿ, ಜೇಬು ಮುಟ್ಟಿ, ಮತ್ತೆ ಎಣಿಸಿದರು.

ನಾನು ಎದ್ದು ಮೆಟ್ಟಿಲಿಳಿಯತೊಡಗಿದೆ.

ಐದನೇ ಮೆಟ್ಟಿಲಿನಲ್ಲೇ ಶೆಡ್ಡಿಗೆ ಗೊತ್ತಾಯಿತು. ಕೈಗಳೆಲ್ಲ ನಿಂತವು. ಬೆನ್ನುಗಳು ಬಿಗಿದವು. ಒಂದನೇ ಯಂತ್ರ ದಾಟಿದೆ, ಅಲ್ಲಿದ್ದವಳು ಉಸಿರು ಬಿಟ್ಟದ್ದು ಭುಜದಲ್ಲಿ ಕಾಣಿಸಿತು. ನಾಲ್ಕು ದಾಟಿದೆ, ಏಳು ದಾಟಿದೆ. ಇವರನ್ನೆಲ್ಲ ಸುಮ್ಮನೆ ಹೆದರಿಸುತ್ತಿದ್ದೇನೆ ಎಂದು ಗೊತ್ತಿತ್ತು. ಆದರೆ ಬೇರೆ ಯಾವ ದಾರಿಯಲ್ಲಿ ಹೇಳಿದರೂ ಇಷ್ಟು ಜನ ತಿರುಗಿ ನೋಡುವುದಿಲ್ಲ.

ಹತ್ತನೇ ಯಂತ್ರದ ಹತ್ತಿರ ನಿಂತೆ. ಜೋರಕ್ಕ ತುಂಡಾದ ಎಳೆಯೊಂದನ್ನು ಸೇರಿಸುತ್ತಿದ್ದಳು. ಭುಜ ಮುಟ್ಟಿದೆ.

ತಿರುಗಿದಳು. ಮುಖದಲ್ಲಿ ರಕ್ತವೇ ಇರಲಿಲ್ಲ. ಅವಳಿಗೆ ಉಳಿದಿರುವುದು ಇಬ್ಬರು ಮಕ್ಕಳು, ಕಣ್ಣಿನಲ್ಲೇ ಅವರಿಬ್ಬರನ್ನೂ ಕೇಳಿದಳು. ಬೇಗ ಬೇಗ ಕೈಯಾಡಿಸಿದೆ. ಮನೆ ಚೆನ್ನಾಗಿದೆ. ಎಲ್ಲರೂ ಚೆನ್ನಾಗಿದ್ದಾರೆ. ಅವಳು ಯಂತ್ರದ ಕಂಬಿ ಹಿಡಿದುಕೊಂಡಳು.

ಆಮೇಲೆ ಹೇಳಿದೆ. ಕೆನ್ನೆಗೆ ಅಂಗೈ, ಆಮೇಲೆ ಅವಳ ಕಡೆ ಬೆರಳು. ನಿನ್ನ ಅಮ್ಮ. ಕಿವಿಗೆ ಮುಷ್ಟಿ, ಫೋನ್. ಅಂಗೈ ಮೇಲೆ ಬರೆದೆ, ಚೀಟಿ. ಮಣಿಕಟ್ಟು ತಟ್ಟಿ ಹತ್ತೂ ಬೆರಳು ತೋರಿಸಿದೆ. ಒಂದು ಕೈಯ ಕೆಳಗೆ ಇನ್ನೊಂದು ಕೈ ಬಚ್ಚಿಟ್ಟೆ. ಹೆಬ್ಬೆರಳನ್ನು ನನ್ನ ಎದೆಗೆ ಒತ್ತಿದೆ. ನಾನು. ದೂರದ ಬಾಗಿಲ ಕಡೆ ಕೈ ಚಾಚಿ ಚೀಟಿಯಪ್ಪನನ್ನು ತೋರಿಸಿ, ಬೆರಳು ಅಡ್ಡಡ್ಡ ಆಡಿಸಿದೆ. ಅವರಲ್ಲ. ಮತ್ತೆ ಎದೆಗೆ ಹೆಬ್ಬೆರಳು. ಇಡೀ ಶೆಡ್ಡು ಓದುತ್ತಿತ್ತು. ಸಾಲಿನಿಂದ ಸಾಲಿಗೆ ಕೈಗಳು ಅದನ್ನೇ ಮುಂದಕ್ಕೆ ಹೇಳುತ್ತಾ ಬಾಗಿಲಿನವರೆಗೆ ಮುಟ್ಟಿಸಿದವು.

ಜೋರಕ್ಕ ಅಂಗೈಯನ್ನು ಮೇಲ್ಮುಖವಾಗಿ ಚಾಚಿದಳು. ಯಾಕೆ?

ಹಾಳೆಯ ಹಿಂಬದಿ ತುಂಬ ಬರೆದಿದ್ದ ಕಾರಣಗಳಲ್ಲಿ ಒಂದಕ್ಕೂ ನನ್ನ ಕೈಯಲ್ಲಿ ಸನ್ನೆ ಇರಲಿಲ್ಲ. ಇದ್ದದ್ದು ಇಷ್ಟೇ. ನಿನ್ನ ಮೇಲೆ ಸಿಟ್ಟು. ಆಮೇಲೆ ನನ್ನ ಕೆನ್ನೆಗೆ ಅಂಗೈ, ಕಿವಿಗೆ ಮುಷ್ಟಿ. ನನ್ನ ಅಮ್ಮನ ಜೊತೆ ಮಾತಾಡುತ್ತಿದ್ದೆ.

ಹೊಡೆಯುತ್ತಾಳೆ ಎಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು. ಅವಳು ನನ್ನ ಕೆನ್ನೆಯ ಮೇಲಿದ್ದ ಅಂಗೈಯನ್ನೇ ನೋಡುತ್ತಾ ನಿಂತಳು. ಬಾಯಿ ತೆರೆದು ಏನೋ ಕೂಗಿದಳು. ಜೋರಕ್ಕನ ಗಂಟಲು, ಎಷ್ಟು ಜೋರಾಗಿ ಕೂಗಿದಳೋ ಏನೋ, ಯಂತ್ರಗಳ ಸದ್ದಿನಲ್ಲಿ ಒಂದಕ್ಷರವೂ ಕೇಳಿಸಲಿಲ್ಲ. ಆಮೇಲೆ ಬೆನ್ನು ತಿರುಗಿಸಿ, ತುಂಡಾಗಿದ್ದ ಎಳೆಗಳನ್ನು ಒಂದೊಂದಾಗಿ ಸೇರಿಸತೊಡಗಿದಳು.

ನನಗೆ ಎಚ್ಚರಿಕೆಯ ಪತ್ರ ಬಂತು. ಮ್ಯಾನೇಜರಿಗೆ ಬೇರೆ ದಾರಿ ಇರಲಿಲ್ಲ, ಇಡೀ ಶೆಡ್ಡು ನೋಡಿಬಿಟ್ಟಿತ್ತು. ಮಣಿಕಟ್ಟಿನ ಪಟ್ಟಿ ಯಂತ್ರದ ಕೆಲಸಕ್ಕೆ ಮಾತ್ರ ಬರಲಿ, ಮನೆಯ ಸುದ್ದಿಗೆ ಬೇಡ ಎಂದು ಕೆಲಸಗಾರರೇ ಹೇಳಿದರು. ಚೀಟಿಯಪ್ಪ ಉಳಿದರು. ಜೋರಕ್ಕ ಮೇಸ್ತ್ರಿಯ ಕೈಲಿ ಒಂದು ಮಾತು ಹೇಳಿ ಕಳಿಸಿದಳು. ನಮ್ಮ ಮನೆಯಿಂದ ಏನೇ ಸುದ್ದಿ ಬಂದರೂ ಚೀಟಿಯಪ್ಪ ಬಂದು ಭುಜ ಮುಟ್ಟಲಿ, ಅವಳು ಬರುವುದು ಬೇಡ.

ನಾನು ಜೋರಕ್ಕನ ಭುಜ ಮುಟ್ಟಿದ ದಿನವೇ ಎರಡೂ ಮುಕ್ಕಾಲಿಗೆ ಚೀಟಿಯಪ್ಪ ಮೆಟ್ಟಿಲು ಹತ್ತಿ ಬಂದಿದ್ದರು. ಅಂಗೈ ತೊಳೆದುಕೊಂಡಿದ್ದರು.

“ಮೂರಕ್ಕೆ ಸ್ಕೂಲು ಬಿಡುತ್ತೆ. ಹೋಗಿಬರ್ತೀನಿ.”

“ಹೋಗಿಬನ್ನಿ ಚೀಟಿಯಪ್ಪ.”

ಬಾಗಿಲಲ್ಲಿ ನಿಂತರು. “ನೀನು ನೆನ್ನೆ ಹೇಳಿದಾಗ ನಾನು ನಂಬಲಿಲ್ಲ. ನೀನು ಅಂಥವಳು ಅಂತ ನಂಗೆ ಅನ್ನಿಸಲೇ ಇಲ್ಲ” ಎಂದರು. “ತಾತ ಯಾಕೆ ಬರಲ್ಲ ಅಂತ ಆ ಮಗು ದಿನಾ ಕೇಳ್ತಿತ್ತು. ತಾತನ ತಲೆ ಸರಿ ಇಲ್ಲ ಪುಟ್ಟಿ ಅಂತಿದ್ದೆ.”

ಕ್ಷಮಿಸಿ ಎನ್ನಲು ಬಾಯಿ ತೆರೆದೆ. ಅವರಿಗೆ ಹೊತ್ತಾಗಿತ್ತು, ಇಳಿದುಹೋದರು.

ಮರುದಿನ ಬೆಳಗ್ಗೆ ಮೊದಲ ಚೀಟಿ ಬರೆದು ಕೊಟ್ಟೆ. ಎಡ ಜೇಬಿನ ಕರಿ ಹೊಲಿಗೆ ಬಿಚ್ಚಿತ್ತು, ಬಟ್ಟೆಯಲ್ಲಿ ಸೂಜಿಯ ತೂತುಗಳು ಉಳಿದಿದ್ದವು. ಅವರು ಚೀಟಿ ತೆಗೆದುಕೊಂಡು ಹೋಗಲಿಲ್ಲ. ಅದನ್ನು ಮತ್ತೆ ನನ್ನ ಮುಂದಿಟ್ಟರು.

“ಮೇಲಿರೋದು ಬರೆದ ಹೊತ್ತು. ಅದರ ಕೆಳಗೆ, ನಂಗೆ ಕೊಟ್ಟ ಹೊತ್ತೂ ಹಾಕು.”

ಹಾಕಿದೆ. ಗೋಡೆಯ ಗಡಿಯಾರ ನೋಡಿದರು, ನಾನು ಬರೆದದ್ದನ್ನು ನೋಡಿದರು, ಬಲ ಜೇಬಿಗೆ ಹಾಕಿಕೊಂಡು ಹೊರಟರು. ಈಗ ದಿನಕ್ಕೆ ಐವತ್ತು ಅರವತ್ತು ಚೀಟಿ, ಎಲ್ಲದರ ಮೇಲೂ ಎರಡೆರಡು ಹೊತ್ತು. ಪ್ರತಿ ಚೀಟಿಗೂ ಅವರು ನನ್ನ ಮೇಜಿನ ಮುಂದೆ ನಿಲ್ಲುತ್ತಾರೆ. ನಾನು ಬರೆದು ಮುಗಿಸುವವರೆಗೆ ಗಡಿಯಾರ ನೋಡುತ್ತಾರೆ, ನನ್ನ ಮುಖ ನೋಡುವುದಿಲ್ಲ.